ಕಿವಿಹಾಲೆ

ಟ್ರಕ್ಕಿನ ಧೂಳು ಇನ್ನೂ ಇಳಿದಿಲ್ಲ, ಹಿಂಬದಿಯಲ್ಲಿ ಕೂತ ಬಿಹಿಯ ಕಿವಿಹಾಲೆಯನ್ನು ತಿಲಿಲ ಹಿಡಿದುಕೊಂಡೇ ಇದ್ದಾಳೆ, ಬೆಟ್ಟದ ತಿರುವಿನವರೆಗೂ ಕಾಣುತ್ತದೆ, ನಾಲ್ಕು ವರ್ಷದ ಕೂಸು, ಭೂಕಂಪವಾಗಿ ಆರು ದಿನ, ಮನೆಯವರಿಂದ ತಪ್ಪಿಹೋದ ಮಕ್ಕಳನ್ನು ನಾನು ನೋಡಿಕೊಳ್ಳುವ ಈ ಗುಡಾರದಲ್ಲಿ ಐದು ದಿನ, ಒಂದೇ ಒಂದು ಮಾತಾಡಲಿಲ್ಲ, ಹೆಸರು ಕೇಳಿದರೆ ಗೋಡೆಯ ಕಡೆ—ಗೋಡೆ ಎಲ್ಲಿ ಉಳಿದಿದೆ, ಗುಡಾರದ ಬಟ್ಟೆಯ ಕಡೆ—ಮುಖ ತಿರುಗಿಸುತ್ತಿದ್ದಳು, ರೊಟ್ಟಿಯನ್ನು ಆಲಿವ್ ಎಣ್ಣೆಯಲ್ಲಿ ಅದ್ದಿ ಕೊಟ್ಟರೆ ಎಣ್ಣೆಯಷ್ಟನ್ನೇ ಚೀಪಿ ರೊಟ್ಟಿ ಮರಳಿ ನನ್ನ ಕೈಗೆ. ನಿನ್ನೆ ಬೆಳಗ್ಗೆ ಬಿಹಿ ಬಂದ, ಮೊಣಕಾಲವರೆಗೆ ಮಣ್ಣು, ಇದು ನನ್ನ ತಂಗಿ ತುದಾಳ ಮಗು ಅಕ್ಕಾ, ತಿಲಿಲ ಅಂತ, ಅವಳಮ್ಮ ಮರ್ರಾಕೆಶ್ ಪಟ್ಟಣದ ಆಸ್ಪತ್ರೇಲಿ ಜೀವ ಹಿಡ್ಕೊಂಡಿದಾಳೆ, ಮಗು ಮಗು ಅಂತಿದಾಳೆ, ಕಳಿಸಿಕೊಡಿ. ಕಾಗದ ಇದೆಯಾ ಎಂದೆ. ಮನೇನೇ ಮಣ್ಣೊಳಗಿದೆ, ಕಾಗದ ಎಲ್ಲಿಂದ ತರ್ಲಿ. ಫೋಟೊ? ಫೋನೂ ಅಲ್ಲೇ. ಅದರ ಹಿಂದಿನ ದಿನವಷ್ಟೇ ಇನ್ನೊಬ್ಬ ಹುಡುಗಿಯ ಚಿಕ್ಕಪ್ಪ ತಾನೆಂದು ಬಂದ ಬಿಳಿ ಕಾರಿನವನು, ಕೈಯಲ್ಲಿ ಮಿಠಾಯಿ ಪೊಟ್ಟಣ, ಅವಳ ಅಪ್ಪನ ಹೆಸರು ಕೇಳಿದಾಗ ತಡವರಿಸಿ ಜಾರಿಕೊಂಡಿದ್ದ, ಇವನೂ ಹಾಗೇ ಇದ್ದರೆ, ಮಗು ಗುರುತಿಸಲಿ ನೋಡೋಣ ಎಂದು ಎತ್ತಿ ತಂದೆ, ಬಿಹಿ ಬಾಗಿದ, ಅವಳ ಕೈ ಅವನ ಮುಖಕ್ಕೆ ಹೋಯಿತು, ಕೆನ್ನೆಗೆ ಉಗುರು ತಾಗಿತು, ತಳ್ಳುತ್ತಿದ್ದಾಳೆ ಎಂದುಕೊಂಡೆ, ಹೆದರಿದ್ದಾಳೆ ಎಂದುಕೊಂಡೆ, ಸರಕ್ಕನೆ ಹಿಂದಕ್ಕೆ ಎಳೆದುಕೊಂಡೆ, ಮಗು ಒಪ್ಪಲಿಲ್ಲ ಎಂದು ದಾಖಲೆ ಪುಸ್ತಕದಲ್ಲಿ ಬರೆದೂಬಿಟ್ಟೆ. ನಿಮ್ಮೂರ ಮುಖ್ಯಸ್ಥರನ್ನ ಕರ್ಕೊಂಡು ಬಾರಪ್ಪ, ಅವರು ಹೌದು ಅಂದ್ರೆ ಆ ಕ್ಷಣ ಕಳಿಸ್ತೀನಿ. ಊರಿನ ರಸ್ತೆ ಕುಸಿದಿದೆ ಅಕ್ಕಾ, ಹೋಗಿ ಬರೋಕೆ ಒಂದು ದಿನ ಬೇಕು. ಒಂದು ದಿನ ತಾನೇ, ಅಂದೆ, ನಾನೇ ಅಂದೆ. ಇವತ್ತು ಮಧ್ಯಾಹ್ನ ಮುಖ್ಯಸ್ಥರು ಹೇಸರಗತ್ತೆಯ ಮೇಲೆ ಬಂದರು, ತುದಾಳ ಮಗಳೇ ಇವಳು, ಹೆಸರಿಟ್ಟ ದಿನ ನಾನೇ ಇದ್ದೆನಲ್ಲ. ಬಿಹಿ ಮಗುವನ್ನು ಎತ್ತಿಕೊಂಡ, ಅವಳ ಕೈ ಮತ್ತೆ ಅವನ ಮುಖಕ್ಕೆ, ಕೆನ್ನೆ ದಾಟಿ ಕಿವಿಗೆ, ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಕಣ್ಣು ಮುಚ್ಚಿದಳು. ನಿದ್ದೆ ಬರ್ಬೇಕಾದ್ರೆ ಯಾರದಾದ್ರೂ ಕಿವಿ ಬೇಕು ಇವಳಿಗೆ, ಹೆಚ್ಚಾಗಿ ಅವಳಮ್ಮಂದು, ಎಂದ ಬಿಹಿ. ಹಾಗಾದ್ರೆ ಬೇಗ ಹೊರಡಿ, ಅಮ್ಮ ಕಾಯ್ತಿರ್ತಾಳೆ ಎಂದೆ. ಅವನು ನನ್ನನ್ನು ನೋಡಿದ. ಬೆಳಗ್ಗೆ ಹೋಗ್ಬಿಟ್ಳು ಅಕ್ಕಾ, ಮುಖ್ಯಸ್ಥರ ಫೋನಿಗೆ ಆಸ್ಪತ್ರೆ ನರ್ಸಮ್ಮ ಮಾಡಿದ್ರು. ಬೈಯಲಿಲ್ಲ, ಬೈದಿದ್ದರೆ—ನೀವು ನಿಮ್ಮ ಕೆಲಸ ಮಾಡಿದ್ರಿ ಎಂದ, ನಾಳೆ ಇನ್ನೊಬ್ಬ ಬಂದರೂ ಹೀಗೇ ಮಾಡುತ್ತೇನೆ, ಮಾಡಲೇಬೇಕು, ಒಳಗೆ ಇನ್ನೂ ಒಂಬತ್ತು ಮಕ್ಕಳು—ಆದರೆ ನರ್ಸಮ್ಮ ಹೇಳಿದರಂತೆ, ಕೊನೆಗೆ ತುದಾಳ ಮಾತು ನಿಂತಿತ್ತು, ತಲೆಯನ್ನು ಒಂದು ಕಡೆ ವಾಲಿಸಿ, ಪಟ್ಟಿ ಕಟ್ಟಿದ ಕೈಯಲ್ಲಿ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸುತ್ತಿದ್ದಳು, ಸರಿಸುತ್ತಲೇ ಇದ್ದಳು, ದಿಂಬಿನ ಮೇಲೆ ಆ ಕಿವಿ, ಕೂದಲು ಸರಿದ ಆ ಕಿವಿ.