ಬರೋಬರಿ ಜೋಡಿ

"ಆ ಚೆಂಡಾಟ ಬಂದ್ ಮಾಡವಾ!" ಚಪ್ಪಲಿ ಬಿಡುತ್ತಲೇ ಗುರಲಿಂಗಪ್ಪ ಗುಡುಗಿದ. "ಶ್ರೀಶೈಲಪ್ಪ ಬರಾಕತ್ತಾನ. ನಾಳಿನ ಕಡೀ ಕುಸ್ತಿಗೆ ಯಾರ್ನ ಬಿಡೂದಂತ ಹೇಳಬೇಕ."

ಸೊಸೆ ಸುನೀತಾ ಟಿ.ವಿ.ಯಿಂದ ಕಣ್ಣು ಕೀಳಲಿಲ್ಲ. "ಟೆನಿಸ್ ಫೈನಲ್ ಐತ್ರಿ ಮಾಮಾ. ಇಡೀ ದುನಿಯಾ ನೋಡಾಕತ್ತೈತಿ."

"ಇಬ್ಬರು ಹುಡುಗ್ಯಾರು ಚೆಂಡ ಬಡ್ಯೂದನ್ನ ದುನಿಯಾ ಯಾಕ ನೋಡತೈತಿ?"

"ಆ ಗಿಡ್ಡಾಕಿ ಹ್ವಾದ ವರ್ಷ ಈ ಉದ್ದಾಕಿ ಕೈಯಾಗ ಸೋತು ಅಳಕೋತ ಹೋಗಿದ್ಳು. ಈ ಸಲ ಮತ್ತ ಎದುರಿಗೆ ನಿಂತಾಳ. ಯಾರು ಗೆಲ್ತಾರಂತ ಯಾರಿಗೂ ಗೊತ್ತಿಲ್ಲ. ಅದಕ್ರಿ."

ಇಂಗಳೇಶ್ವರದ ಕಾರಹುಣ್ಣಿಮೆ ಕುಸ್ತಿಗೆ ಜೋಡಿ ಹಚ್ಚುವವನು ಗುರಲಿಂಗಪ್ಪ. ಪೈಲ್ವಾನರ ಕುತ್ತಿಗೆ, ತೊಡೆ, ಉಸಿರು ನೋಡಿ ಯಾರಿಗೆ ಯಾರು ಸರಿ ಎಂದು ಹೇಳುತ್ತಿದ್ದ. ಹೋದ ವರ್ಷ ಮಾತ್ರ ಕಮಿಟಿಯ ಹಿರಿಯ ಶ್ರೀಶೈಲಪ್ಪನ ಮಾತಿಗೆ ಕಟ್ಟುಬಿದ್ದು, ಊರಿನ ಕಾಂತುವಿನ ಎದುರು ಕೊಲ್ಹಾಪುರದ ಹೆಸರಾಂತ ಪೈಲ್ವಾನನನ್ನು ಬಿಟ್ಟಿದ್ದ. ಜನ ಎಲೆ-ಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಕಾಂತು ಅಂಗಾತ ಬಿದ್ದಿದ್ದ. ಧೋತರ ಝಾಡಿಸಿ ಎದ್ದ ಮಂದಿ ಬೈದದ್ದು ಗುರಲಿಂಗಪ್ಪನನ್ನು. ಈ ಸಲವೂ ಹಾಗಾದರೆ ಜೋಡಿ ಹಚ್ಚಲು ಬೇರೆಯವರು ಎಂದು ಕಮಿಟಿ ಅವನ ಮುಖದ ಮೇಲೇ ಹೇಳಿತ್ತು.

ಈಗ ಟಿ.ವಿ.ಗೆ ಬೈಯುತ್ತಲೇ ಕುರ್ಚಿಯ ಅಂಚಿನಲ್ಲಿ ಕುಳಿತ ಗುರಲಿಂಗಪ್ಪ ಹಿಂದಕ್ಕೆ ಒರಗಲೇ ಇಲ್ಲ. ಗಿಡ್ಡ ಹುಡುಗಿ ಬಿದ್ದೆನೋ ಎದ್ದೆನೋ ಎಂದು ಓಡಿ ಚೆಂಡು ತಿರುಗಿಸುತ್ತಿದ್ದಳು. ಶ್ರೀಶೈಲಪ್ಪ ಬಂದು, "ಕೊಲ್ಹಾಪುರದಾಂವ ಈ ಸಲಾನೂ ಒಪ್ಪ್ಯಾನ..." ಎಂದು ಶುರು ಮಾಡಿದ.

"ಸುಮ್ ಕುಂಡ್ರೋ ಮಾರಾಯಾ!" ಎಂದು ಗದರಿ ಗುರಲಿಂಗಪ್ಪ ಸೊಸೆಯನ್ನು ಕೇಳಿದ: "ಡ್ಯೂಸ್ ಅಂದ್ರೇನವಾ?"

"ಇಬ್ಬರೂ ಬರೋಬರಿ ಅಂತ್ರಿ."

ಮತ್ತೆ ಡ್ಯೂಸ್. ಮತ್ತೆ ಡ್ಯೂಸ್. ಗುರಲಿಂಗಪ್ಪ ಕಣದಲ್ಲಿ ಸಮಬಲದ ಕುಸ್ತಿ ಬಿಡಿಸುವವನಂತೆ ಎರಡೂ ಕೈ ಮೇಲೆತ್ತಿ ಎದ್ದೇಬಿಟ್ಟ. "ಬರೋಬರಿ! ಬಿಡಸ್ರಿ! ಇಬ್ಬರ ಕೈನೂ ಎತ್ರಿ!"

ಸುನೀತಾ ಬಿದ್ದು ಬಿದ್ದು ನಕ್ಕಳು. "ಇದರಾಗ ಬಿಡಸಂಗಿಲ್ರಿ ಮಾಮಾ. ಒಬ್ಬಾಕಿ ಸೋಲೂತನಕ ನಡೀತೈತಿ."

ಗುರಲಿಂಗಪ್ಪ ಎತ್ತಿದ ಕೈ ಇಳಿಸಿ ಶ್ರೀಶೈಲಪ್ಪನ ಕಡೆ ತಿರುಗಿದ. "ಶ್ರೀಶೈಲ್ಯಾ, ನಾಳೆ ಕಾಂತೂನ ಎದುರು ದೇವಣಗಾಂವದ ಬಿಲಾಲ."

"ಬಿಲಾಲಗ ಹೆಸರೆಲ್ಲೈತಿ? ಮಂದಿ ಯಾಕ ಕುಂಡ್ರತಾರ?"

"ಹಿಂದಕ ಇಬ್ಬರ್ನೂ ಬರೋಬರಿ ಅಂತ ನಾನ ಬಿಡಿಸಿದ್ನಿ. ಅವತ್ತಿನಿಂದ ಒಬ್ಬಾಂವ ಕುಂತ ಹೋಟೆಲ್ನಾಗ ಇನ್ನೊಬ್ಬಾಂವ ಚಾ ಕುಡ್ಯಂಗಿಲ್ಲ. ಮಂದಿಗೆಲ್ಲಾ ಗೊತ್ತೈತಿ. ಈ ಸಲ ಬಿಡಸೂದಿಲ್ಲ. ಒಬ್ಬಾಂವ ಬೀಳಬೇಕ."

"ಮಂದಿ ಎದ್ದು ಹ್ವಾದ್ರ?"

"ನನ್ನ ತಗದ ಹಾಕ್ರಿ, ಅಷ್ಟ!"

ಗಿಡ್ಡ ಹುಡುಗಿ ಚೆಂಡು ಮೇಲಕ್ಕೆ ಎಸೆಯುತ್ತಿದ್ದಳು. ಶ್ರೀಶೈಲಪ್ಪನ ಕಣ್ಣೂ ಈಗ ಅಲ್ಲೇ ಇತ್ತು.

ಮರುದಿನ ಹೊತ್ತು ಇಳಿದರೂ ಕಾಂತು, ಬಿಲಾಲ ಕೆಂಪು ಮಣ್ಣಿನಲ್ಲಿ ಹೆಣೆದುಕೊಂಡೇ ಇದ್ದರು. ಗುರಲಿಂಗಪ್ಪ ಕಣದ ಅಂಚಿನಲ್ಲಿ ಕೈಕಟ್ಟಿ ನಿಂತಿದ್ದ. ರಸ್ತೆಯಲ್ಲಿ ಬಾಗೇವಾಡಿಗೆ ಹೋಗುವ ಕೊನೆಯ ಬಸ್ಸು ಹಾರ್ನ್ ಹೊಡೆಯಿತು. ಯಾರೂ ಏಳಲಿಲ್ಲ. ಮತ್ತೊಮ್ಮೆ ಹೊಡೆಯಿತು. ಆಮೇಲೆ ಎಂಜಿನ್ ನಿಂತಿತು. ಕಂಡಕ್ಟರು ಚೀಲ ಎದೆಗವಚಿಕೊಂಡು ಮಂದಿಯ ಸಂದಿಯಲ್ಲಿ ನುಸುಳಿ ಬಂದ, ಅವನ ಹಿಂದೆಯೇ ಡ್ರೈವರ್.

"ಸ್ವಲ್ಪ ಸರೀರಿ ಹಿರ್‍ಯಾರ, ಕಾಣವಲ್ದು" ಎಂದ ಕಂಡಕ್ಟರು.

ಗುರಲಿಂಗಪ್ಪ ಬೈಯಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಜಾಗ ಬಿಟ್ಟ.