ಕೀಲಿ ನನ್ನ ಜೇಬಿನಲ್ಲಿತ್ತು

“ಒಂಬತ್ತನೇ ಕ್ಲಾಸು ದಾಟದವನು ನಂಗೆ ಕರೆಂಟಿನ ಪಾಠ ಹೇಳ್ತಾನಂತೆ, ಕೇಳ್ರಪ್ಪಾ!”

ಬಂದರಿನ ಇಂಜಿನಿಯರು ಇದನ್ನು ನನಗೆ ಹೇಳಲಿಲ್ಲ. ನನ್ನ ತಲೆಯ ಮೇಲಿಂದ, ಹಡಗುಕಟ್ಟೆಯಲ್ಲಿ ನಿಂತಿದ್ದ ಇಪ್ಪತ್ತು ಜನಕ್ಕೆ ಹೇಳಿದ. ಮೊದಲು ನಕ್ಕವರು ಕೇಬಲ್ ಎಳೆಯುವ ನಮ್ಮ ಗುಂಪಿನವರೇ. ಗುಂಪಿನ ಮೇಸ್ತ್ರಿ ನನ್ನ ಸೋದರಮಾವ. ಅವನು ನಗಲಿಲ್ಲ, ನೆಲ ನೋಡಿದ. ನನಗೆ ಹೆಚ್ಚು ಉರಿದದ್ದು ಅದೇ.

ನಾನು ಕೇಳಿದ್ದು ಇಷ್ಟು: ಹಡಗಿಗೆ ದಡದ ಕರೆಂಟು ಕೊಡುವ ಮೊದಲು ಮೋಟಾರು ಯಾವ ಕಡೆ ತಿರುಗುತ್ತದೆ ಅಂತ ಒಮ್ಮೆ ನೋಡಿಬಿಡೋಣ. ಮೂರು ತಂತಿಗಳಲ್ಲಿ ಎರಡು ಅದಲುಬದಲಾದರೆ ಹಡಗಿನ ಪಂಪು, ಫ್ಯಾನು ಎಲ್ಲವೂ ಹಿಮ್ಮುಖ ತಿರುಗುತ್ತವೆ.

“ಬಣ್ಣ ನೋಡಿ ಸೇರಿಸಿದ್ದಾರೆ ಕಣೋ,” ಎಂದ ಇಂಜಿನಿಯರು.

ಮೂರು ದಿನದ ಹಿಂದೆ ಲಾರಿ ಹತ್ತಿ ಕೇಬಲ್ಲಿನ ತುದಿ ಜಜ್ಜಿಹೋಗಿತ್ತು. ಗುತ್ತಿಗೆಯವರು ಬಂದು ಹೊಸ ತುಂಡು ಸೇರಿಸಿ, ಮೇಲೆ ಟೇಪು ಸುತ್ತಿ ಹೋಗಿದ್ದರು.

“ಹಳೇದ್ರಲ್ಲಿ ಕೆಂಪು, ಹಳದಿ, ನೀಲಿ. ಹೊಸದ್ರಲ್ಲಿ ಕಂದು, ಕಪ್ಪು, ಬೂದು. ಯಾವ ಬಣ್ಣ ನೋಡಿ ಸೇರಿಸಿದ್ರು ಸಾರ್?”

ಈ ಸಲ ನಕ್ಕವರು ಹಡಗಿನವರು. ಇಂಜಿನಿಯರನ ಕಿವಿ ಕೆಂಪಾಯಿತು.

“ತಲೆಹರಟೆ ಸಾಕು. ಸ್ವಿಚ್ ಹಾಕ್ರೋ!”

ಯಾರೂ ಹಾಕಲಿಲ್ಲ. ಹಾಕುವಂತೆಯೇ ಇರಲಿಲ್ಲ. ಕೇಬಲ್ ಮೇಲೆ ಯಾರ ಕೈ ಇರುತ್ತದೋ ಅವನು ಸ್ವಿಚ್ಚಿಗೆ ತನ್ನದೇ ಬೀಗ ಹಾಕಬೇಕು, ಕೀಲಿ ಅವನ ಜೇಬಿನಲ್ಲೇ ಇರಬೇಕು, ಇನ್ನೊಬ್ಬರು ಮುಟ್ಟಕೂಡದು. ಹಾಗೆಂದು ದಪ್ಪಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಿದವನು ಇದೇ ಇಂಜಿನಿಯರು. ಇವತ್ತಿನ ಬೀಗ ನನ್ನದು.

“ಕೀಲಿ ಕೊಡು.”

“ನೋಡಿದ ಮೇಲೆ ಕೊಡ್ತೀನಿ.”

“ನಾಳೆಯಿಂದ ಗೇಟಿನ ಒಳಗೆ ಕಾಲಿಡ್ಬೇಡ ನೀನು!”

“ಲೇ ಅಳಿಯಾ, ಕೊಟ್ಬಿಡೋ ಮಾರಾಯಾ,” ಮಾವ ಪಿಸುಗುಟ್ಟಿದ. “ಕೆಲಸ ಹೋದ್ರೆ ಅಕ್ಕಂಗೆ ನಾನೇನು ಹೇಳ್ಲಿ?”

ಅವನ ಅಕ್ಕ ಎಂದರೆ ನನ್ನ ಅಮ್ಮ. ಬಂದರಿನ ಗೋಡೆಯಾಚೆ ಆಸ್ಪತ್ರೆಯ ಹೊದಿಕೆಗಳನ್ನು ಒಗೆದು ಒಣಹಾಕುತ್ತಾಳೆ. ಕಟ್ಟೆಗೆ ಬಂದು ನಿಂತ ಹಡಗು ದೀಪಕ್ಕೂ ಪಂಪಿಗೂ ತನ್ನ ಜನರೇಟರನ್ನೇ ಓಡಿಸುತ್ತಾ ಇರುತ್ತದೆ. ಆ ಹೊಗೆಯೆಲ್ಲ ನೆಟ್ಟಗೆ ಅವಳ ಹಗ್ಗದ ಮೇಲೆ. ಬಿದ್ದ ಮಸಿಯ ಲೆಕ್ಕದಲ್ಲೇ ಅವಳು ಹಡಗುಗಳಿಗೆ ಹೆಸರಿಟ್ಟಿದ್ದಾಳೆ. ಇವತ್ತು ನಿಂತಿರುವುದು ‘ಕರಿಮೂತಿ’. ಕರಿಮೂತಿ ಬಂದ ದಿನ ಎರಡೆರಡು ಸಲ ಒಗೆಯುತ್ತಾಳೆ, ನಡುನಡುವೆ ಕಲ್ಲು ಹಿಡಿದುಕೊಂಡು ಕೆಮ್ಮುತ್ತಾಳೆ. ದಡದ ಕರೆಂಟು ಸಿಕ್ಕರೆ ಆ ಜನರೇಟರು ನಿಲ್ಲುತ್ತದೆ. ಈ ಕೇಬಲ್ ಇಂಜಿನಿಯರಿಗಿಂತ ಹೆಚ್ಚು ಬೇಕಿದ್ದದ್ದು ನನಗೆ. ಹಡಗಿನ ಕ್ಯಾಪ್ಟನ್ ಒಪ್ಪಿದ್ದು ಒಂದೇ ಒಂದು ಸಲಕ್ಕೆ: ಏನಾದರೂ ಎಡವಟ್ಟಾದರೆ ಮತ್ತೆ ಜನರೇಟರೇ ಗತಿ, ಇನ್ನೊಮ್ಮೆ ಕೇಳಲು ಬರಬೇಡಿ.

ಕೀಲಿ ಹೇಗೆ ಕೊಡಲಿ?

“ನಿಮ್ಮ ಕರೆಂಟ್ ಪೆಟ್ಟಿಗೆಯಲ್ಲಿ ಮೋಟಾರು ತಿರುಗೋ ದಿಕ್ಕು ತೋರಿಸೋ ದೀಪ ಇರ್ಬೇಕಲ್ಲ ತಾತ?” ಹಡಗಿನ ಎಂಜಿನ್ ಕೋಣೆಯ ಯಜಮಾನನನ್ನು ಕೇಳಿದೆ. ಮೊಣಕೈವರೆಗೂ ಎಣ್ಣೆ ಬಳಿದುಕೊಂಡಿದ್ದ ಮುದುಕ.

“ಇದೆಯಪ್ಪಾ. ಬಲ್ಬು ಸತ್ತು ಎಷ್ಟು ಕಾಲವಾಯ್ತೋ. ಯಾವ ಬಂದರಿನವರೂ ನಮ್ಗೆ ಕರೆಂಟ್ ಕೊಡ್ತೀವಿ ಅಂದಿದ್ದೇ ಇಲ್ವಲ್ಲ.” ಮುದುಕ ಇಂಜಿನಿಯರನ ಕಡೆ ತಿರುಗಿದ. “ನೋಡ್ಲಿ ಬಿಡಿ ಸ್ವಾಮಿ. ನೀರಿನ ಪಂಪು ಹಿಮ್ಮುಖ ತಿರುಗಿದ್ರೆ ಬಿಸಿ ಏರೋದು ನನ್ನ ಎಂಜಿನ್ನಿಗೆ, ನಿಮ್ಮ ತಲೆಗಲ್ಲ.”

ಚೀಲದಿಂದ ನನ್ನ ಬುಗುರಿ ತೆಗೆದೆ. ಶಾಲೆ ಬಿಟ್ಟ ಮೇಲೆ ನಾಲ್ಕು ವರ್ಷ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯಲ್ಲಿದ್ದೆ. ಅಲ್ಲಿ ಗುಜರಿಗೆ ಹೋಗುತ್ತಿದ್ದ ಅಂಗೈಯಷ್ಟಗಲದ ಮೋಟಾರಿಗೆ ಜೀವ ಕೊಟ್ಟು ಮಾಡಿಕೊಂಡದ್ದು. ಮೇಲೊಂದು ತಗಡಿನ ಬಿಲ್ಲೆ, ಪಕ್ಕದಲ್ಲಿ ಸರಿಯಾದ ದಿಕ್ಕಿಗೆ ನನ್ನ ಅಕ್ಕನ ಉಗುರುಬಣ್ಣದಲ್ಲಿ ಬರೆದ ಬಾಣ. ಕೇಬಲ್ಲಿನ ಹಡಗಿನ ಕಡೆಯ ತುದಿಗೆ ಅದರ ಮೂರು ತಂತಿ ಸಿಕ್ಕಿಸಿದೆ. ಎಲ್ಲರನ್ನೂ ಹಿಂದೆ ಸರಿಸಿ, ಬೀಗ ತೆಗೆದು ಸ್ವಿಚ್ ಹಾಕಿದೆ.

ಬುಗುರಿ ತಿರುಗಿತು. ಬಾಣದ ಎದುರು ದಿಕ್ಕಿಗೆ.

ಇಂಜಿನಿಯರು ಬಗ್ಗಿ ನೋಡಿದ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ಕನ್ನಡಕ ಒರೆಸಿದರೆ ಮೋಟಾರು ದಿಕ್ಕು ಬದಲಿಸುತ್ತದೆಯೇ?

ಸ್ವಿಚ್ ಆರಿಸಿ ಮತ್ತೆ ಬೀಗ ಜಡಿದೆ. ದಡದ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಕರೆಂಟು ಪೂರ್ತಿ ಹೋಗಿದೆಯೇ ಎಂದು ಪರೀಕ್ಷಿಸಿ ಕೈ ಚಾಚಿದೆ. ಕೇಳುವ ಮೊದಲೇ ಸ್ಪ್ಯಾನರ್ ಅಂಗೈಗೆ ಬಂತು. ಕೊಟ್ಟವನು ಮಾವ. ಈಗ ಅವನು ನೆಲ ನೋಡುತ್ತಿರಲಿಲ್ಲ. ಎರಡು ತಂತಿಗಳ ಜಾಗ ಬದಲಿಸಿ ನಟ್ಟು ಬಿಗಿದೆ. ಎರಡನೇ ಸಲ ಬುಗುರಿ ಬಾಣದ ದಾರಿಯಲ್ಲೇ ಓಡಿತು.

ಆಮೇಲೆ ಸ್ವಿಚ್ ಆರಿಸಿ, ಬುಗುರಿ ಕಳಚಿ, ಪ್ಲಗ್ಗನ್ನು ಹಡಗಿಗೆ ಕೂರಿಸಿ ಮತ್ತೆ ಸ್ವಿಚ್ ಹಾಕಿದೆವು. ಮುದುಕ ಒಳಗೆ ಹೋದ. ಹಡಗಿನ ದೀಪಗಳೆಲ್ಲ ಒಮ್ಮೆ ಆರಿ ಮತ್ತೆ ಹತ್ತಿದವು. ಒಳಗಿನಿಂದ ಕೂಗು ಬಂತು: “ಪಂಪು ಸರಿಯಾಗಿದೆ!” ಸ್ವಲ್ಪ ಹೊತ್ತಿಗೆ ಜನರೇಟರಿನ ಗುಡುಗು ಇಳಿಯುತ್ತಾ ಇಳಿಯುತ್ತಾ ನಿಂತೇಹೋಯಿತು. ಕರಿಮೂತಿಯ ಕೊಳವೆಯಿಂದ ಕೊನೆಯ ಹೊಗೆ ಎದ್ದು, ತೆಳ್ಳಗಾಗಿ, ಇಲ್ಲವಾಯಿತು. ಗೋಡೆಯಾಚೆ ಯಾರೋ ಬಟ್ಟೆ ಕುಕ್ಕುವ ಸದ್ದು ಕಟ್ಟೆಯವರೆಗೂ ಕೇಳಿಸಿತು. ಯಾರೋ ಏನು, ಆ ಏಟು ನನಗೆ ಗೊತ್ತು.

ಬಂದರಿನ ಕಚೇರಿ ಕರೆಸಿದ್ದ ಫೋಟೋ ತೆಗೆಯುವವನು ಬಂದ. ಇಂಜಿನಿಯರು ಅಂಗಿ ಸರಿಮಾಡಿಕೊಂಡು ಕೇಬಲ್ ಪಕ್ಕ ನಿಂತು, ಇಪ್ಪತ್ತು ಜನಕ್ಕೂ ಕೇಳುವಂತೆ ಕೂಗಿದ: “ಬಾರೋ ಮರಿ, ನೀನೂ ನಿಂತ್ಕೋ! ನೋಡಿ, ನಮ್ಮ ಹುಡುಗ, ನಾನೇ ತಯಾರು ಮಾಡಿದ್ದು. ಅಲ್ವೇನೋ?”

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಬೀಗವನ್ನೂ ಕೀಲಿಯನ್ನೂ ಜೇಬಿಗೆ ಹಾಕಿಕೊಂಡೆ, ಬುಗುರಿಯನ್ನು ಕಂಕುಳಲ್ಲಿಟ್ಟುಕೊಂಡು ಗೇಟಿನ ಕಡೆ ನಡೆದೆ. “ಲೇ, ಅಲ್ವೇನೋ?” ಅಂತ ಹಿಂದಿನಿಂದ ಇನ್ನೊಮ್ಮೆ ಕೇಳಿಸಿತು. ನಾನು ನಡೆಯುತ್ತಲೇ ಇದ್ದೆ.