ಒಂದು ಗುಟುಕು ಬೋರಿನ ನೀರು

ಶೈಲಶ್ರೀ ಸಾಕಿದ್ದ ಬ್ಯಾಕ್ಟೀರಿಯಾಗಳಿಗೆ ಇದ್ದದ್ದು ಒಂದೇ ಕೆಲಸ. ಡೀಸೆಲ್ಲಿನೊಳಗಿನ ಗಂಧಕ ತಿನ್ನಬೇಕು, ಡೀಸೆಲ್ಲನ್ನು ಮುಟ್ಟಬಾರದು. ಜೇವರ್ಗಿಯಲ್ಲಿ ಅವಳ ಅಪ್ಪ ಶಂಕರಲಿಂಗ ಟ್ರ್ಯಾಕ್ಟರ್ ರಿಪೇರಿ ಮಾಡುವ ಗ್ಯಾರೇಜಿನ ನೆಲ ಮೂವತ್ತು ವರ್ಷ ಡೀಸೆಲ್ ಕುಡಿದು ಕರ್ರಗಾಗಿತ್ತು. ಅಲ್ಲಿನ ಹಿಡಿ ಮಣ್ಣಿನಿಂದಲೇ ಅವುಗಳನ್ನು ಹೆಕ್ಕಿ ತಂದಿದ್ದಳು. ಗಂಧಕ ತಿಂದಿದ್ದರೆ ಪರೀಕ್ಷೆಯ ಹನಿ ನೀಲಿಯಾಗಬೇಕು, ಮೊದಲೆಲ್ಲ ಆಗುತ್ತಿತ್ತು. ನಾಲ್ಕು ತಿಂಗಳಿಂದ ಮಾತ್ರ ಮಹಾರಾಯರು ಹಾಯಾಗಿ ಬೆಳೆಯುತ್ತಿದ್ದರು, ಕೆಲಸ ಸೊನ್ನೆ.

ಕಡಗಂಚಿ ರಸ್ತೆಯ ಆ ಪುಟ್ಟ ಪ್ರಯೋಗಾಲಯದ ಹಿರಿಯರು ಶುಕ್ರವಾರದ ಗಡುವು ಕೊಟ್ಟಿದ್ದರು. ನೀಲಿ ಬರದಿದ್ದರೆ ಸಂಶೋಧನೆಯ ವಿಷಯವನ್ನೇ ಬದಲಿಸಬೇಕು, ಎರಡು ವರ್ಷದ ದುಡಿಮೆ ನೀರಿನಲ್ಲಿ ಹೋಮ. ಹುಡುಗಿಗೆ ನಿದ್ದೆ ಹತ್ತುತ್ತಿರಲಿಲ್ಲ.

ನಿದ್ದೆ ಬಿಟ್ಟರೂ ಊಟ ಬಿಡಲು ಗಂಗುಬಾಯಿ ಬಿಡುತ್ತಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಕಿಣ್ಣಿ ಸುಲ್ತಾನ ಹಳ್ಳಿಯಿಂದ ಬಾಟಲಿ ತೊಳೆಯುವ ಕೆಲಸಕ್ಕೆ ಬಂದ ಹಿರಿಯ ಹೆಂಗಸು ಅವಳು. ದಿನವೂ ಡಬ್ಬಿಯಲ್ಲಿ ಜೋಳದ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ತಂದು ಮೇಜಿನ ಮೇಲಿಡುವಳು. ಶೈಲಶ್ರೀ ಪುಸ್ತಕದಿಂದ ತಲೆ ಎತ್ತದೆ ತಿಂದು, ಡಬ್ಬಿ ತೊಳೆದು ವಾಪಸು ಕೊಡುವಳು.

ಸೋಮವಾರ ಬಾಟಲಿ ತರಲು ಶೈಲಶ್ರೀ ತಾನೇ ತೊಳೆಯುವ ಕಟ್ಟೆಗೆ ಹೋದಳು. ಗಂಗುಬಾಯಿ ತನಗೆ ಹೇಳಿಕೊಟ್ಟಿದ್ದಂತೆಯೇ ಬಟ್ಟಿ ಇಳಿಸಿದ ನೀರಿನಲ್ಲಿ ಜಾಲಾಡಿಸಿ, ಬೋರಲು ಹಾಕಿ ಆರಿಸಿದ್ದಳು. ಆಮೇಲೆ ಕೊಡದಿಂದ ಒಂದೊಂದಕ್ಕೂ ಒಂದು ಗುಟುಕು ನೀರು ಹಾಕುತ್ತಿದ್ದಳು. ಯಾಕೆಂದು ಕೇಳಿದರೆ ಅವಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು.

"ಖಾಲಿ ಭಾಂಡೆ ಯಾರರೆ ಕೈಯಾಗ ಕೊಡ್ತಾರೇನ್ ಯವ್ವಾ? ನಮ್ಮ ಕಡಿ ಆ ರಿವಾಜ ಇಲ್ಲ."

ಶೈಲಶ್ರೀ ಕೊಡದೊಳಗೆ ಬಗ್ಗಿ ನೋಡಿದಳು. ಕೊಡದಲ್ಲಿದ್ದದ್ದು ಬೋರ್‌ವೆಲ್ಲಿನ ಸವುಳು ನೀರು. ನೆಲದ ಜಿಪ್ಸಮ್ ಕರಗಿ ಅದರಲ್ಲೇ ಬೇಕಾದಷ್ಟು ಗಂಧಕ. ತುತ್ತು ತಾನಾಗಿ ಬಾಯಿಗೆ ಬರುವಾಗ ಡೀಸೆಲ್ಲಿನಲ್ಲಿ ಗಟ್ಟಿಯಾಗಿ ಅಂಟಿದ್ದನ್ನು ಕಡಿಯಲು ಯಾವ ಜೀವ ಹೋಗುತ್ತದೆ? ಸಿಟ್ಟು ಬಂತು, ಸರಿಯಾಗಿಯೇ ಬಂತು. ಅದರ ಹಿಂದೆಯೇ ನಾಚಿಕೆಯೂ ಬಂತು. ಬಾಟಲಿಯಲ್ಲಿ ಉಳಿದ ನೀರನ್ನು ದಿನವೂ ನೋಡಿ, ಜಾಲಾಡಿಸಿದ ನೀರೇ ಇರಬೇಕೆಂದುಕೊಂಡ ಓದಿದವಳು ತಾನೇ ಅಲ್ಲವೆ.

ಪಕ್ಕದಲ್ಲಿ ಕುಳಿತು, ಬಾಟಲಿಯೊಳಗೆ ಬೆಳೆಯುವ ಕಣ್ಣಿಗೆ ಕಾಣದ ಹುಳಗಳ ವಿಷಯ ಸಮಾಧಾನವಾಗಿ ವಿವರಿಸಿದಳು. ಗಂಗುಬಾಯಿಯ ಮುಖ ಸಣ್ಣಗಾಯಿತು.

"ಅಂದ್ರ ಅವನ್ನ ಉಪಾಸ ಕೆಡವಬೇಕೇನು?"

"ಶುಕ್ರವಾರದ ಮಟ ಅಷ್ಟೇರಿ, ಅವ್ವ."

ಅಂದು ಗಂಗುಬಾಯಿ ಖಾಲಿ ಬಾಟಲಿಗಳನ್ನು ಮುಖ ಆಚೆ ತಿರುಗಿಸಿಕೊಂಡು ಕೊಟ್ಟಳು.

ಶುಕ್ರವಾರ ಹನಿ ನೀಲಿಯಾಯಿತು. ಹಿರಿಯರು ಎರಡು ಸಲ ನೋಡಿ, ಮುಂದುವರಿಸು ಅಂದರು. ಶೈಲಶ್ರೀ ತೊಳೆದ ಡಬ್ಬಿಯನ್ನು ಎತ್ತಿಕೊಂಡು, ಸುದ್ದಿ ಹೇಳಲು ಕಟ್ಟೆಯತ್ತ ಓಡಿದಳು. ಅರ್ಧ ದಾರಿಯಲ್ಲಿ ನಿಂತಳು. ಡಬ್ಬಿ ಖಾಲಿಯಿತ್ತು. ನಾಲ್ಕು ತಿಂಗಳು ಹೀಗೇ ಕೊಟ್ಟಿದ್ದಳು, ಖಾಲಿ ಭಾಂಡೆ ಯಾರ ಕೈಗೂ ಕೊಡದ ಆ ಹೆಂಗಸಿಗೆ. ತಿರುಗಿ ಹೋಗಿ, ಮನೆಯಿಂದ ತಂದಿದ್ದ ಶೇಂಗಾ ಹೋಳಿಗೆಯೊಂದನ್ನು ಅದರಲ್ಲಿಟ್ಟು ತಂದುಕೊಟ್ಟಳು.

ಗಂಗುಬಾಯಿ ಮುಚ್ಚಳ ತೆಗೆದು ನೋಡಿದಳು. ಹೋಳಿಗೆ ಮುರಿದು ಅರ್ಧ ಅವಳ ಕೈಗಿಟ್ಟು ಕೇಳಿದಳು:

"ಆ ಹುಳಕ್ಕ ಈಗರೆ ಏನರೆ ತಿನ್ನಾಕ ಹಾಕಿದಿಯೊ ಇಲ್ಲೊ?"